ಚೋರ್ಲಾ ಘಾಟಿನಲ್ಲಿ ಎರಡು ಹಳೆಯ ಡೀಸೆಲ್ ಕಾರುಗಳು

ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಮನೆಯ ಕಾಂಪೌಂಡಿನೊಳಗೆ ಒಂದೇ ಕಾರಿಗೆ ಜಾಗವಿದೆ. ಅಪ್ಪ 2010ರಲ್ಲಿ ಕೊಂಡ ಮಾರುತಿ ಸ್ವಿಫ್ಟ್ ವಿಡಿಐ ಅಲ್ಲಿಯೇ ನಿಲ್ಲುತ್ತ ಬಂದಿತ್ತು. ಆಷಾಢದಲ್ಲಿ ಕಾಕಾನ ಮಗ ಕೆಲಸದ ಮೇಲೆ ಹೊರದೇಶಕ್ಕೆ ಹೊರಟಾಗ ತನ್ನ 2011ರ ಫೋರ್ಡ್ ಫಿಗೊ ಡೀಸೆಲ್ ಕಾರನ್ನು ತಂದು ನಮ್ಮ ಗೇಟಿನ ಹೊರಗೆ ನಿಲ್ಲಿಸಿ, "ಅಣ್ಣಾ, ಇಟ್ಕೊಳ್ಳೂದಾದ್ರ ಇಟ್ಕೋ, ಮಾರೂದಾದ್ರ ಮಾರು, ಸುಮ್ನ ನಿಲ್ಸಿ ತುಕ್ಕ ಹಿಡಿಸಬ್ಯಾಡ" ಎಂದು ಕೀಲಿಯನ್ನು ನನ್ನ ಕೈಗಿಟ್ಟು ಹೋದ. ಎರಡರಲ್ಲಿ ಒಂದನ್ನು ಮಾರಲೇಬೇಕಾಗಿತ್ತು. ಯಾವುದನ್ನು ಉಳಿಸಿಕೊಳ್ಳಬೇಕೆಂದು ತೀರ್ಮಾನಿಸಲು ನನಗೆ ಆರು ತಿಂಗಳು ಹಿಡಿಯಿತು. ಆ ಆರು ತಿಂಗಳೂ ಎದುರು ಮನೆಯವರು ತಮ್ಮ ಬಾಗಿಲ ಮುಂದೆ ನಿಂತ ಕಾರನ್ನು ನೋಡಿ ಸುಮ್ಮನಿದ್ದುದು ಅವರ ದೊಡ್ಡತನ.

ನಾನು ಉದ್ಯಮಬಾಗದ ಒಂದು ಸಣ್ಣ ಮಶೀನ್ ಶಾಪಿನಲ್ಲಿ ಕೆಲಸ ಮಾಡುತ್ತೇನೆ. ತಿಂಗಳಿಗೆ ಎರಡು ಸಲವಾದರೂ ಮಾದರಿ ಬಿಡಿಭಾಗಗಳನ್ನು ಡಿಕ್ಕಿಯಲ್ಲಿಟ್ಟುಕೊಂಡು ಜಾಂಬೋಟಿ, ಕಣಕುಂಬಿ, ಚೋರ್ಲಾ ಮಾರ್ಗವಾಗಿ ಗೋವಾಕ್ಕೆ ಹೋಗಿ ಬರುತ್ತೇನೆ. ಆದ್ದರಿಂದ ಕಾರಿನ ಒಳಗಿನ ಪ್ಲಾಸ್ಟಿಕ್ ಹೇಗಿದೆ, ಹಾಡಿನ ಪೆಟ್ಟಿಗೆ ಹೇಗಿದೆ ಎಂಬುದು ನನಗೆ ಮುಖ್ಯವಾಗಿರಲಿಲ್ಲ. ಏರಿನಲ್ಲಿ ಎಂಜಿನ್ ಹೇಗೆ ಎಳೆಯುತ್ತದೆ, ತಿರುವಿನಲ್ಲಿ ಕಾರು ಹೇಗೆ ಕೂರುತ್ತದೆ ಎಂಬ ಎರಡು ಪ್ರಶ್ನೆಗಳನ್ನೇ ಹಿಡಿದುಕೊಂಡು ಹೊರಟೆ.

ಕಾಗದದ ಮೇಲೆ ನೋಡಿದರೆ ಸ್ವಿಫ್ಟ್‌ನದೇ ಮೇಲುಗೈ. ಅದರಲ್ಲಿರುವುದು ಫಿಯಟ್ ಮೂಲದ 1248 ಸಿಸಿ ಮಲ್ಟಿಜೆಟ್ ಎಂಜಿನ್. ಮಾರುತಿಯವರು ಡಿಡಿಐಎಸ್ ಎಂದು ಕರೆದ ಈ ಎಂಜಿನ್ ರಿಟ್ಜ್, ಡಿಸೈರ್, ಇಂಡಿಕಾ ವಿಸ್ಟಾ, ಪುಂಟೊ ಮುಂತಾದ ಎಷ್ಟೋ ಕಾರುಗಳಲ್ಲಿ ಓಡಿದ್ದರಿಂದ, ಇದರ ಒಳಗನ್ನು ಬಲ್ಲ ಮೇಸ್ತ್ರಿ ಸಿಗದ ಊರಿಲ್ಲ. ಇದು 4000 ಆರ್‌ಪಿಎಂನಲ್ಲಿ (ಎಂದರೆ ಎಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗ) 75 ಪಿಎಸ್ (ಅಶ್ವಶಕ್ತಿ) ಶಕ್ತಿಯನ್ನೂ 2000 ಆರ್‌ಪಿಎಂನಲ್ಲಿ 190 ನ್ಯೂಟನ್ ಮೀಟರ್ ಟಾರ್ಕನ್ನೂ, ಅಂದರೆ ತಿರುಗಿಸುವ ಬಲವನ್ನೂ, ಕೊಡುತ್ತದೆ. ಫಿಗೊದ 1399 ಸಿಸಿ ಡ್ಯುರಾಟಾರ್ಕ್ ಎಂಜಿನ್ ಗಾತ್ರದಲ್ಲಿ ದೊಡ್ಡದಾದರೂ 69 ಪಿಎಸ್ ಮತ್ತು 160 ನ್ಯೂಟನ್ ಮೀಟರ್‌ಗೆ ತೃಪ್ತಿಪಟ್ಟುಕೊಂಡಿದೆ. ಎರಡೂ ಕಾರುಗಳು ಒಂದು ಟನ್ನಿಗಿಂತ ತುಸು ಹೆಚ್ಚು ತೂಗುತ್ತವೆ. ಯಂತ್ರಗಳ ನಡುವೆ ದಿನ ಕಳೆಯುವ ನನಗೆ ಖುಷಿ ಕೊಟ್ಟ ಸಂಗತಿಯೊಂದಿದೆ: ಎರಡೂ ಎಂಜಿನ್‌ಗಳ ಪಿಸ್ಟನ್ ಮೇಲೆ ಕೆಳಗೆ ಚಲಿಸುವ ದೂರ ಸರಿಯಾಗಿ 82 ಮಿಲಿಮೀಟರ್. ಬೋರ್, ಅಂದರೆ ಸಿಲಿಂಡರಿನ ಒಳಗಿನ ಅಗಲ, ಮಾತ್ರ ಬೇರೆ, ಸ್ವಿಫ್ಟ್‌ನದು 69.6, ಫಿಗೊದ್ದು 73.7. ಇಷ್ಟು ಹತ್ತಿರದ ಎರಡು ಎಂಜಿನ್‌ಗಳ ಸ್ವಭಾವ ಇಷ್ಟು ದೂರ ದೂರವಿರಬಹುದೆಂದು ನಾನು ಎಣಿಸಿರಲಿಲ್ಲ.

ಊರೊಳಗಿನ ಓಡಾಟದಲ್ಲಿಯೇ ಅದರ ಮೊದಲ ಸುಳಿವು ಸಿಕ್ಕಿತು. ರೈಲ್ವೆ ಗೇಟು ತೆರೆದ ಮೇಲೆ ಹಳಿಗಳ ಉಬ್ಬನ್ನು ಹತ್ತಿ ಇಳಿದು ಸಾಲಿನಲ್ಲಿ ತೆವಳುವಾಗ ಫಿಗೊ ಎರಡನೇ ಗೇರಿನಲ್ಲಿಯೇ ಗೊಣಗದೆ ಎಳೆಯುತ್ತದೆ. ಸ್ವಿಫ್ಟ್ ಅದೇ ಜಾಗದಲ್ಲಿ ಒಂದನೇ ಗೇರು ಬೇಡುತ್ತದೆ, ಕೊಡದಿದ್ದರೆ ತಡವರಿಸುತ್ತದೆ. ಆದರೆ ಖಡೇಬಜಾರಿನಲ್ಲಿಯೂ ಶಹಾಪುರದ ಓಣಿಗಳಲ್ಲಿಯೂ ಸ್ವಿಫ್ಟ್‌ಗೆ ಸಾಟಿಯಿಲ್ಲ. ಅದರ ಎಲೆಕ್ಟ್ರಿಕ್ ಪವರ್ ಸ್ಟೇರಿಂಗ್ ಒಂದು ಬೆರಳಿಗೆ ತಿರುಗುವಷ್ಟು ಹಗುರ, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರವೂ 2390 ಮಿಲಿಮೀಟರ್ ಮಾತ್ರ. ಫಿಗೊದಲ್ಲಿ ಆ ಅಂತರ 2489. ಈ ಹತ್ತು ಸೆಂಟಿಮೀಟರ್ ಹೆಚ್ಚಿನ ಉದ್ದಕ್ಕೆ ಹೈಡ್ರಾಲಿಕ್ ಸ್ಟೇರಿಂಗ್‌ನ ಭಾರವೂ ಸೇರಿ, ಫಿಗೊವನ್ನು ಬಜಾರಿನಲ್ಲಿ ಹಿಂದೆ ಮುಂದೆ ಮಾಡಿ ನಿಲ್ಲಿಸುವಷ್ಟರಲ್ಲಿ ತೋಳು ಸೋಲುತ್ತದೆ. ಮೊದಲ ವಾರದ ಕೊನೆಗೆ ಯಾರಾದರೂ ಕೇಳಿದ್ದರೆ, ಫಿಗೊ ಮಾರುತ್ತೇನೆ ಎಂದೇ ಹೇಳುತ್ತಿದ್ದೆ.

ಜುಲೈ ತಿಂಗಳ ಎರಡನೆಯ ವಾರ ಸ್ವಿಫ್ಟ್‌ನಲ್ಲಿಯೂ ಮೂರನೆಯ ವಾರ ಫಿಗೊದಲ್ಲಿಯೂ ಚೋರ್ಲಾ ಘಾಟ್ ಇಳಿದು ಹತ್ತಿದೆ. ಮಳೆಗಾಲದಲ್ಲಿ ಆ ದಾರಿಯನ್ನು ಕಂಡವರಿಗೆ ವಿವರಣೆ ಬೇಕಿಲ್ಲ. ಜಾಂಬೋಟಿ ದಾಟಿದೊಡನೆ ಕಾಡು ಎರಡೂ ಕಡೆಯಿಂದ ಒತ್ತಿಕೊಂಡು ಬರುತ್ತದೆ. ಮಲಪ್ರಭೆ ಹುಟ್ಟುವ ಕಣಕುಂಬಿಯ ಹತ್ತಿರ ಮಂಜು ಇಳಿದರೆ ಎದುರಿನ ಲಾರಿಯ ದೀಪ ಕಾಣುವ ಮೊದಲು ಅದರ ಹಾರ್ನ್ ಕೇಳುತ್ತದೆ. ಮುಂದೆ ಗೋವಾದ ಕಡೆಗಿನ ಇಳಿಜಾರಿನಲ್ಲಿ ತಿರುವಿನ ಬೆನ್ನಿಗೆ ತಿರುವು. ಬಂಡೆಯ ಬದಿಯಿಂದ ಹರಿದ ನೀರು ರಸ್ತೆಗೆ ಅಡ್ಡಲಾಗಿ ಹೋಗುತ್ತಿರುತ್ತದೆ, ಕೆಲವೆಡೆ ಡಾಂಬರಿನ ಅಂಚಿನಲ್ಲಿ ಪಾಚಿಯೂ ಇರುತ್ತದೆ. ಇಂಥ ಕಡೆ ಗಂಟೆಗೆ 40 ಕಿಲೋಮೀಟರ್ ವೇಗವೇ ಹೆಚ್ಚು.

ಸ್ವಿಫ್ಟ್‌ನಲ್ಲಿ ಇಳಿಯುವಾಗ ತೊಂದರೆಯಾಗಲಿಲ್ಲ. ತೊಂದರೆಯಾದದ್ದು ಮರಳಿ ಹತ್ತುವಾಗ. ಕಡಿದಾದ ಎಡ ತಿರುವಿಗೆ ಬಂದು ವೇಗ ತಗ್ಗಿಸಿದರೆ ಎರಡನೇ ಗೇರಿನಲ್ಲಿ ಎಂಜಿನ್ 1500 ಆರ್‌ಪಿಎಂಗೆ ಇಳಿದಿರುತ್ತದೆ. ಆಗ ಆಕ್ಸಲರೇಟರ್ ಒತ್ತಿದರೆ ಏನೂ ಆಗುವುದಿಲ್ಲ. ಇನ್ನಷ್ಟು ಒತ್ತಿದರೂ ಆಗುವುದಿಲ್ಲ. ಮುಳ್ಳು 2000 ಮುಟ್ಟುತ್ತಲೇ, ಅಷ್ಟು ಹೊತ್ತು ಎಲ್ಲಿ ಅಡಗಿತ್ತೋ ಎಂಬಂತೆ 190 ನ್ಯೂಟನ್ ಮೀಟರ್ ಟಾರ್ಕ್ ಒಮ್ಮೆಲೇ ಮುಂದಿನ ಚಕ್ರಗಳ ಮೇಲೆ ಬೀಳುತ್ತದೆ. ಆ ಗಳಿಗೆಯಲ್ಲಿ ನಾನು ಇನ್ನೂ ಸ್ಟೇರಿಂಗ್ ತಿರುಗಿಸಿಕೊಂಡೇ ಇರುತ್ತೇನೆ, ಚಕ್ರದ ಕೆಳಗೆ ನೀರು ಇರುತ್ತದೆ. ಒಂದು ತಿರುವಿನಲ್ಲಿ ಒಳಗಿನ ಚಕ್ರ ಜಾರಿ ಸುತ್ತಿ, ಕಾರಿನ ಮೂತಿ ನಾನು ತೋರಿಸಿದ ಕಡೆಗೆ ಹೋಗದೆ ರಸ್ತೆಯ ನಡುಗೆರೆಯತ್ತ ಹೊರಟಿತು. ಎದುರಿನಿಂದ ಯಾರೂ ಬರುತ್ತಿರಲಿಲ್ಲ. ಕಾಲು ತೆಗೆದೆ, ಕಾರು ಸರಿಹೋಯಿತು. ಆದರೂ ಮುಂದಿನ ಚಹಾದಂಗಡಿಯಲ್ಲಿ ಎರಡು ಕಪ್ ಕುಡಿದ ಮೇಲೆಯೇ ಮತ್ತೆ ಚಕ್ರ ಹಿಡಿದದ್ದು.

ಇದು ಈ ಎಂಜಿನ್‌ನ ಬಲ್ಲವರೆಲ್ಲ ಬಲ್ಲ ಗುಣ. ಎಂಜಿನ್ ಹೊರಬಿಡುವ ಹೊಗೆಯ ಒತ್ತಡದಿಂದ ಟರ್ಬೊ ತಿರುಗಬೇಕು, ಅದು ತಿರುಗಿದರೆ ಮಾತ್ರ ಒಳಗೆ ಹೆಚ್ಚು ಗಾಳಿ ಹೋಗಬೇಕು. ಕೆಳಗಿನ ವೇಗದಲ್ಲಿ ಹೊಗೆಯೇ ಸಾಲದಿದ್ದರೆ ಟರ್ಬೊ ಇದ್ದೂ ಇಲ್ಲದಂತೆ. ಆಗ ಕಾರನ್ನು ಎಳೆಯುವುದು ಬರಿಯ ಒಂದೂಕಾಲು ಲೀಟರಿನ ಎಂಜಿನ್. ಗಾಳಿಯನ್ನು ಒಳಗೆ, ಹೊಗೆಯನ್ನು ಹೊರಗೆ ಬಿಡುವ ವಾಲ್ವ್‌ಗಳು ಸಿಲಿಂಡರಿಗೆ ನಾಲ್ಕರಂತೆ ಹದಿನಾರು ಇರುವ ಮಲ್ಟಿಜೆಟ್ ಮೇಲಿನ ಆರ್‌ಪಿಎಂನಲ್ಲಿ ಸರಾಗವಾಗಿ ಉಸಿರಾಡುತ್ತದೆ. ಫಿಗೊದ ಎಂಜಿನ್‌ಗೆ ಇರುವುದು ಎಂಟೇ ವಾಲ್ವ್. ಅದು ಮೇಲೆ ಹೋದಂತೆ ಏದುಸಿರು ಬಿಡುತ್ತದೆ, ಆದರೆ ಕೆಳಗೆ ಅದಕ್ಕೆ ಕಸುವು ಹೆಚ್ಚು.

ಮರುವಾರ ಅದೇ ಏರನ್ನು ಫಿಗೊದಲ್ಲಿ ಹತ್ತಿದಾಗ ಈ ವ್ಯತ್ಯಾಸ ಅಂಗಾಲಿಗೇ ಗೊತ್ತಾಯಿತು. 1500 ಆರ್‌ಪಿಎಂನಿಂದಲೇ ಎಳೆತ ಶುರುವಾಗಿ, ಒತ್ತಿದಷ್ಟೇ ಬಂದು, ಬಿಟ್ಟೊಡನೆ ನಿಲ್ಲುತ್ತದೆ. ತಿರುವಿನ ನಡುವೆ ಯಾವ ಹಠಾತ್ ನೂಕೂ ಇಲ್ಲ. ಅಲ್ಲಿಯವರೆಗೆ ನಾನು ಪಿಕಪ್ ಒಂದು ವಿಷಯ, ರಸ್ತೆಯ ಹಿಡಿತ ಇನ್ನೊಂದು ವಿಷಯ ಎಂದುಕೊಂಡು ಎರಡನ್ನೂ ಬೇರೆ ಬೇರೆ ತೂಗುತ್ತಿದ್ದೆ. ಆ ಹೊತ್ತು ಆ ಲೆಕ್ಕವನ್ನೇ ಬಿಟ್ಟೆ. ಶಕ್ತಿ ಎಷ್ಟಿದೆ ಎಂಬುದಕ್ಕಿಂತ ಅದು ಯಾವ ಗಳಿಗೆಯಲ್ಲಿ, ಯಾವ ಕ್ರಮದಲ್ಲಿ ಚಕ್ರಕ್ಕೆ ಬರುತ್ತದೆ ಎಂಬುದೇ ಒದ್ದೆ ತಿರುವಿನಲ್ಲಿ ಕಾರಿನ ಹಿಡಿತವನ್ನು ನಿರ್ಧರಿಸುತ್ತದೆ. ಮೂವತ್ತು ನ್ಯೂಟನ್ ಮೀಟರ್ ಕಡಿಮೆ ಇರುವ ಕಾರಿನಲ್ಲಿ ನಾನು ಹೆಚ್ಚು ವೇಗವಾಗಿ, ಕಡಿಮೆ ಬೆವರಿ ಚೋರ್ಲಾ ತಲುಪಿದೆ.

ಸ್ಟೇರಿಂಗ್ ಬಗ್ಗೆಯೂ ಇಲ್ಲಿಯೇ ಹೇಳಬೇಕು. ಬಜಾರಿನಲ್ಲಿ ತೋಳು ಸೋಲಿಸಿದ ಫಿಗೊದ ಭಾರ ಘಾಟಿನಲ್ಲಿ ವರವಾಯಿತು. ಮುಂದಿನ ಟಾಯರು ಒಣ ಡಾಂಬರಿನಿಂದ ನೀರಿಗೆ ಹೋದೊಡನೆ ಸ್ಟೇರಿಂಗ್ ತುಸು ಹಗುರಾಗಿ ಕೈಗೆ ಸುದ್ದಿ ಮುಟ್ಟಿಸುತ್ತದೆ, ತಿರುವು ಮುಗಿದ ಮೇಲೆ ಕೈ ಸಡಿಲಿಸಿದರೆ ತಾನಾಗಿಯೇ ನೇರಕ್ಕೆ ಮರಳುತ್ತದೆ. ಸ್ವಿಫ್ಟ್‌ನ ಸ್ಟೇರಿಂಗ್ ಎಲ್ಲ ಕಡೆಯೂ ಒಂದೇ ಹಗುರ. ನೇರಕ್ಕೆ ತರಲು ಪ್ರತಿ ಸಲವೂ ಕೈಯಿಂದ ಸಹಾಯ ಮಾಡಬೇಕು. ಇದರ ಜೊತೆಗೆ ಎತ್ತರದ ಮಾತೂ ಇದೆ. ಸ್ವಿಫ್ಟ್ 1530 ಮಿಲಿಮೀಟರ್ ಎತ್ತರ, ಫಿಗೊ 1427. ಫಿಗೊದಲ್ಲಿ ಕೂತರೆ ನೆಲಕ್ಕೆ ಹತ್ತಿರ ಕೂತಂತೆ. ಅಪ್ಪನಿಗೆ ಹತ್ತಿ ಇಳಿಯಲು ಮೊಣಕಾಲು ನೋಯುತ್ತದೆ, ಆದರೆ ತಿರುವಿನಲ್ಲಿ ಕಾರು ವಾಲುವುದು ಕಡಿಮೆ.

ಇಷ್ಟಾದ ಮೇಲೆ ನಾನು ತೀರ್ಮಾನಕ್ಕೆ ಬಂದುಬಿಟ್ಟಿದ್ದೆ. ನಮ್ಮ ಮೇಸ್ತ್ರಿ ಅದನ್ನು ಕೆಡಿಸಿದ.

ಸ್ವಿಫ್ಟ್‌ನ ಆಯಿಲ್ ಬದಲಿಸಲು ಹೋದಾಗ ನಾನು ಈ ಕಥೆಯನ್ನೆಲ್ಲ ಉತ್ಸಾಹದಿಂದ ಹೇಳಿದೆ. ಅವನು ಕೇಳುತ್ತಲೇ ಮುಂದಿನ ಟಾಯರಿನ ಬದಿಯನ್ನು ಬಟ್ಟೆಯಿಂದ ಒರೆಸಿ, ಅಲ್ಲಿ ಅಂಡಾಕಾರದ ಗೆರೆಯೊಳಗಿದ್ದ ನಾಲ್ಕು ಅಂಕಿಗಳನ್ನು ಬೆರಳಿನಿಂದ ತೋರಿಸಿದ: 2316. ಅಂದರೆ 2016ನೇ ಇಸವಿಯ 23ನೇ ವಾರ ತಯಾರಾದ ಟಾಯರು. ಟಾಯರಿನ ಗೀರುಗಳ ಆಳ ಸಾಕಷ್ಟಿತ್ತು, ಅದನ್ನೇ ನೋಡಿ ನಾನು ಸುಮ್ಮನಿದ್ದೆ. ರಬ್ಬರು ಮಾತ್ರ ಕಲ್ಲಾಗಿತ್ತು. ಆಮೇಲೆ ಕಾರನ್ನು ಜಾಕ್ ಮೇಲೆ ಏರಿಸಿ, ಚಕ್ರವನ್ನು ಹಿಡಿದಿಡುವ ಕೆಳಗಿನ ಆರ್ಮ್‌ಗೆ ಸಲಾಕೆ ಹಾಕಿ ಮೀಟಿದಾಗ ಅದರ ಕೂಡಿನ ರಬ್ಬರ್ ಬುಷ್ ಹರಿದುಹೋಗಿರುವುದು ಬರಿಗಣ್ಣಿಗೇ ಕಂಡಿತು. 1,38,000 ಕಿಲೋಮೀಟರ್ ನಮ್ಮ ಕಡೆಯ ರಸ್ತೆಗಳಲ್ಲಿ ಓಡಿದ ಕಾರಿಗೆ ಅದು ಅಚ್ಚರಿಯೇನಲ್ಲ. ಎಡಗಡೆಯ ಶಾಕ್ ಅಬ್ಸಾರ್ಬರಿನಿಂದ ಎಣ್ಣೆಯೂ ಜಿನುಗಿತ್ತು. "ಸಾಹೇಬ್ರ, ನೀವು ಎರಡು ಗಾಡಿ ಹೋಲ್ಸಿ ನೋಡಿಲ್ರಿ. ಒಂದು ಜೀವಂತ ಟಾಯರ್, ಒಂದು ಸತ್ತ ಟಾಯರ್ ಹೋಲ್ಸಿ ನೋಡೀರಿ" ಎಂದ. ಫಿಗೊದ ಟಾಯರುಗಳಿಗೆ ಎರಡೇ ವರ್ಷ, ಅದು ಓಡಿದ್ದು ಲಕ್ಷದ ಒಳಗೆ. ಡಯಲ್ ಗೇಜ್ ಹಿಡಿದು ನೂರನೆಯ ಒಂದು ಮಿಲಿಮೀಟರಿಗೆ ಜಗಳವಾಡುವ ನನಗೆ ಈ ಸಾಮಾನ್ಯ ಜ್ಞಾನ ಹೊಳೆಯದಿದ್ದುದಕ್ಕೆ ನಾಚಿಕೆಯಾಯಿತು.

ಕಾರು ಯಾರ ಪಾಲಿಗೆ ಹೋದರೂ ಟಾಯರು ಬೇಕೇ ಬೇಕು ಎಂದು ಮನಸ್ಸಿಗೆ ಹೇಳಿಕೊಂಡು ನಾಲ್ಕನ್ನೂ ಬದಲಿಸಿದೆ. ಬುಷ್, ಮುಂದಿನ ಎರಡು ಶಾಕ್ ಅಬ್ಸಾರ್ಬರ್, ವೀಲ್ ಅಲೈನ್‌ಮೆಂಟ್ ಎಲ್ಲವೂ ಆಯಿತು. ಮಳೆ ಇನ್ನೂ ಮುಗಿದಿರಲಿಲ್ಲವಾದ್ದರಿಂದ ಸೆಪ್ಟೆಂಬರಿನಲ್ಲಿ ಎರಡೂ ಕಾರುಗಳನ್ನು ಮತ್ತೊಮ್ಮೆ ಅದೇ ದಾರಿಯಲ್ಲಿ ಓಡಿಸಿದೆ.

ಸ್ವಿಫ್ಟ್ ಬೇರೆಯೇ ಕಾರಾಗಿತ್ತು. ಜುಲೈನಲ್ಲಿ ನಾನು ಮನಸ್ಸಿನಲ್ಲಿಯೇ ಬರೆದುಕೊಂಡಿದ್ದ ದೂರುಗಳಲ್ಲಿ ಅರ್ಧದಷ್ಟು ಅಳಿಸಿಹೋದವು. ಮೂತಿ ತೋರಿಸಿದ ಕಡೆಗೆ ತಿರುಗಿತು; ಬ್ರೇಕ್ ಒತ್ತಿದಾಗ ಎಡಕ್ಕೆ ಎಳೆಯುತ್ತಿದ್ದುದು ನಿಂತಿತು; ಚಕ್ರ ಜಾರಲಿಲ್ಲ. ಉಳಿದ ಅರ್ಧ ಮಾತ್ರ ಉಳಿದೇ ಉಳಿಯಿತು, ಏಕೆಂದರೆ ಅದು ಸವೆತದ ಫಲವಲ್ಲ, ಕಾರಿನ ರಚನೆಯಿಂದಲೇ ಬಂದದ್ದು. ಸ್ವಿಫ್ಟ್ ವಿಡಿಐಗೆ 165/80 ಆರ್14 ಅಳತೆಯ ಟಾಯರು, ಫಿಗೊಗೆ 175/65 ಆರ್14. ಈ ಅಂಕಿಗಳಿಂದ ಟಾಯರಿನ ಪಕ್ಕೆಯ ಎತ್ತರವನ್ನು ಲೆಕ್ಕ ಹಾಕಬಹುದು: 165ರ ಶೇಕಡಾ 80 ಎಂದರೆ 132 ಮಿಲಿಮೀಟರ್, 175ರ ಶೇಕಡಾ 65 ಎಂದರೆ ಸುಮಾರು 114. ಎತ್ತರದ ಪಕ್ಕೆ ಗುಂಡಿಯ ಏಟನ್ನು ನುಂಗುತ್ತದೆ, ಆದರೆ ತಿರುವಿನಲ್ಲಿ ಸ್ಟೇರಿಂಗ್ ತಿರುಗಿಸಿದಾಗ ಮೊದಲು ತಾನು ಬಾಗಿ ಆಮೇಲೆ ಕಾರನ್ನು ತಿರುಗಿಸುತ್ತದೆ. ಆ ಅರೆಗಳಿಗೆಯ ಸಡಿಲು ಹೊಸ ಟಾಯರಿನಲ್ಲಿಯೂ ಇತ್ತು. ಫಿಗೊದಲ್ಲಿ ಅದು ಇಲ್ಲ. ಇನ್ನು ಟರ್ಬೊದ ತಡವನ್ನು ಹೊಸ ಟಾಯರು ಹೇಗೂ ವಾಸಿ ಮಾಡಲಾರದು. ತಿರುವಿಗೆ ಮೊದಲೇ ಒಂದನೇ ಗೇರಿಗೆ ಇಳಿಯುವ ಅಭ್ಯಾಸ ಮಾಡಿಕೊಳ್ಳುವುದೊಂದೇ ದಾರಿ. ಮಾಡಿಕೊಂಡರೆ ಕಾರು ಚೆನ್ನಾಗಿಯೇ ಹತ್ತುತ್ತದೆ, ಎಡಗಾಲಿಗೆ ಕೆಲಸ ಹೆಚ್ಚುತ್ತದೆ ಅಷ್ಟೇ.

ಸ್ವಿಫ್ಟ್‌ಗೆ ಅನ್ಯಾಯ ಮಾಡಬಾರದು. ನವೆಂಬರಿನಲ್ಲಿ ಕಬ್ಬಿನ ಹಂಗಾಮು ಶುರುವಾದ ಮೇಲೆ ಅಕ್ಕನ ಮನೆಗೆಂದು ಬಾಗಲಕೋಟೆಯ ದಾರಿ ಹಿಡಿದಾಗ ತಕ್ಕಡಿ ಇನ್ನೊಂದು ಕಡೆಗೆ ವಾಲಿತು. ನೇಸರಗಿ, ಯರಗಟ್ಟಿ, ಲೋಕಾಪುರದ ಆ ರಸ್ತೆಯಲ್ಲಿ ಘಾಟಿನಂಥ ತಿರುವುಗಳಿಲ್ಲ. ಅಲ್ಲಿರುವುದು ಡಬಲ್ ಟ್ರೇಲರ್ ಕಟ್ಟಿಕೊಂಡು, ದೊಡ್ಡ ಸ್ಪೀಕರಿನಲ್ಲಿ ಹಾಡು ಹಾಕಿಕೊಂಡು, ಅರ್ಧ ರಸ್ತೆಗಿಂತ ಹೆಚ್ಚು ಆಕ್ರಮಿಸಿ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳು. ಅವುಗಳ ಹಿಂದೆ ಸಿಕ್ಕಿಕೊಂಡವನಿಗೆ ಬೇಕಾದದ್ದು ಒಂದೇ, ಎದುರಿನ ರಸ್ತೆ ಖಾಲಿಯಾದ ಅಲ್ಪ ಹೊತ್ತಿನಲ್ಲಿ 40ರಿಂದ 80ಕ್ಕೆ ಏರುವ ಶಕ್ತಿ. ಮೂರನೇ ಗೇರಿನಲ್ಲಿ 2000 ಆರ್‌ಪಿಎಂ ಮೇಲೆ ಇಟ್ಟುಕೊಂಡು ಕಾದಿದ್ದ ಸ್ವಿಫ್ಟ್, ಕಾಲು ಒತ್ತಿದೊಡನೆ ಬೆನ್ನನ್ನು ಸೀಟಿಗೆ ಅಂಟಿಸಿ ಎರಡೂ ಟ್ರೇಲರುಗಳನ್ನು ದಾಟಿಸಿಬಿಡುತ್ತದೆ. ಘಾಟಿನಲ್ಲಿ ಹೆದರಿಸಿದ ಅದೇ ನೂಕು ಇಲ್ಲಿ ಧೈರ್ಯ ಕೊಡುತ್ತದೆ. ಎಂಜಿನ್ 4000 ದಾಟಿಯೂ ಓಡುವ ಹುಮ್ಮಸ್ಸು ತೋರಿಸುವುದರಿಂದ ನಡುವೆ ಗೇರು ಬದಲಿಸುವ ಪ್ರಮೇಯವಿಲ್ಲ. ಫಿಗೊದಲ್ಲಿ ಅದೇ ಕೆಲಸಕ್ಕೆ ಹೆಚ್ಚು ಖಾಲಿ ರಸ್ತೆ ಬೇಕು. 3500 ಆದ ಮೇಲೆ ಸದ್ದು ಹೆಚ್ಚುತ್ತದೆ, ವೇಗ ಹೆಚ್ಚುವುದಿಲ್ಲ. ಎರಡು ಸಲ ಮುಂದೆ ಹೋಗಲು ಹೊರಟವನು ಮರಳಿ ಟ್ರ್ಯಾಕ್ಟರಿನ ಬೆನ್ನಿಗೇ ಬಂದು ನಿಂತೆ.

ಹೆದ್ದಾರಿಯ ವಿಷಯದಲ್ಲಿ ಹೆಚ್ಚು ಹೇಳುವುದೇನಿಲ್ಲ. ನಾಲ್ವರನ್ನು ಕೂರಿಸಿಕೊಂಡು ವಂಟಮುರಿ ಘಾಟ್ ಹತ್ತಿದಾಗ ಸ್ವಿಫ್ಟ್ ನಾಲ್ಕನೇ ಗೇರಿನಲ್ಲಿಯೇ ಹತ್ತಿತು, ಫಿಗೊ ಒಮ್ಮೆ ಮೂರಕ್ಕೆ ಇಳಿಯಿತು. ಕಿತ್ತೂರಿನ ಕಡೆಗಿನ ನೇರ ರಸ್ತೆಯಲ್ಲಿ ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಅಡ್ಡಗಾಳಿ ಬೀಸಿದರೆ ಫಿಗೊ ಕದಲುವುದಿಲ್ಲ. ಸ್ವಿಫ್ಟ್ ತುಸು ಅಲುಗುತ್ತದೆ, ಸೇತುವೆಯ ಕೂಡುಗಳ ಮೇಲೆ ಅದರ ಹಿಂಭಾಗ ಕುಪ್ಪಳಿಸುತ್ತದೆ. ಹಿಂದೆ ಕೂತ ಅಮ್ಮ ಅದನ್ನು ಹದಿನಾಲ್ಕು ವರ್ಷಗಳಿಂದ ಹೇಳುತ್ತಲೇ ಇದ್ದಾಳೆ.

ಬಾಗಲಕೋಟೆಯ ನವನಗರದಲ್ಲಿ ಊಟ ಮುಗಿಸಿ ಜಗಲಿಯ ಮೇಲೆ ಕೂತಾಗ ನಾನು ಈ ಇಕ್ಕಟ್ಟನ್ನು ಭಾವನ ಮುಂದಿಟ್ಟೆ. ಅವರ ಹೊಲವಿರುವುದು ಲೋಕಾಪುರದ ಹತ್ತಿರ. ವಾರಕ್ಕೆ ಮೂರು ದಿನ ಅದೇ ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಓಡಾಡುವವರು, ಘಾಟ್ ಎಂಬುದನ್ನು ವರ್ಷಕ್ಕೊಮ್ಮೆ ಕಂಡರೆ ಹೆಚ್ಚು. ನಾನು ಎರಡು ಎಂಜಿನ್‌ಗಳ ಗುಣಾವಗುಣಗಳನ್ನು ಇನ್ನೂ ವಿವರಿಸುತ್ತಿರುವಾಗಲೇ ಅವರು ಎದ್ದು ಹೋಗಿ ಸ್ವಿಫ್ಟ್‌ನ ಬಾನೆಟ್ ಎತ್ತಿ ನೋಡಿ, "ಟಾಯರ್ ಹೊಸಾವು ಹಾಕ್ಸೀಯಲ್ಲ, ಇನ್ನೇನ ಬೇಕು. ಇದನ್ನ ನಾನ ಇಟ್ಕೋತೀನಿ" ಎಂದರು. ಅಪ್ಪ ಕೊಂಡ ಕಾರು ಮನೆತನದೊಳಗೇ ಉಳಿಯುತ್ತದೆ ಎಂಬ ಕಾರಣಕ್ಕೆ ಅಪ್ಪನೂ ಒಪ್ಪಿದರು. 15 ವರ್ಷ ತುಂಬಿದಾಗ ನೋಂದಣಿ ನವೀಕರಿಸುವ ಓಡಾಟವನ್ನು ನಾನು ಮಾಡಿಕೊಡಬೇಕೆಂದು ಮಾತಾಯಿತು.

ಹೀಗೆ ಫಿಗೊ ಗೇಟಿನ ಒಳಗೆ ಬಂತು. ಅದರ ಬಗ್ಗೆ ನನಗೆ ಭ್ರಮೆಯೇನಿಲ್ಲ. ಫೋರ್ಡ್ ಭಾರತದಲ್ಲಿ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ 2021ರ ಸೆಪ್ಟೆಂಬರಿನಲ್ಲಿಯೇ ಘೋಷಿಸಿದೆ. ಮಲ್ಟಿಜೆಟ್‌ನಲ್ಲಿ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆದು ಮುಚ್ಚಿಸಲು ಟೈಮಿಂಗ್ ಚೈನ್ ಇದ್ದರೆ ಇದರಲ್ಲಿರುವುದು ಟೈಮಿಂಗ್ ಬೆಲ್ಟ್. ಅದು ತುಂಡಾದರೆ ಪಿಸ್ಟನ್ನೂ ವಾಲ್ವೂ ಡಿಕ್ಕಿ ಹೊಡೆದು ಎಂಜಿನ್ ಹಾಳಾಗುತ್ತದೆ. ಕಾಕಾನ ಮಗನಿಗೆ ಫೋನ್ ಮಾಡಿ, ಅದನ್ನು ಎಂದಾದರೂ ಬದಲಿಸಿದ್ದನೇ ಎಂದು ಕೇಳಿದಾಗ, "ಬೆಲ್ಟಾ? ಯಾವ ಬೆಲ್ಟು?" ಎಂದ. ಮರುದಿನವೇ ಮೇಸ್ತ್ರಿಯ ಬಳಿ ಬಿಟ್ಟು ಹಾಕಿಸಿಕೊಂಡು ಬಂದೆ.

ಈಗಲೂ ನನಗೆ ಹೊಂದಿಕೆಯಾಗದ ಸಂಗತಿ ಒಂದಿದೆ. ಈ ಕಾರಿನಲ್ಲಿ ಇಂಡಿಕೇಟರಿನ ಕಡ್ಡಿ ಸ್ಟೇರಿಂಗ್‌ನ ಎಡಕ್ಕಿದೆ, ವೈಪರಿನದು ಬಲಕ್ಕೆ. ಸ್ವಿಫ್ಟ್‌ನಲ್ಲಿ ಹದಿನಾಲ್ಕು ವರ್ಷ ಪಳಗಿದ ಬಲಗೈ ಗೋಗಟೆ ಸರ್ಕಲ್ಲಿನಲ್ಲಿ ತಿರುಗುವಾಗ ತನ್ನ ಹಳೆಯ ಕೆಲಸವನ್ನೇ ಮಾಡುತ್ತದೆ. ಹಿಂದಿನ ಸ್ಕೂಟರಿನವನಿಗೆ ನಾನು ಯಾವ ಕಡೆ ಹೊರಟೆನೆಂದು ತಿಳಿಯುವುದಿಲ್ಲ, ಒಣ ಗಾಜಿನ ಮೇಲೆ ವೈಪರು ಕರಕರ ಎಂದು ಎರಡು ಸುತ್ತು ಹಾಕುತ್ತದೆ.